ಹೂಂರಿ ಅಂದ ಕಾವಲುಗಾರ

ಜಮಖಂಡಿಯ ಮೈದಾನದಲ್ಲಿ ಬೆಳಿಗ್ಗೆ ಓಡಲು ಬರುವ ಹುಡುಗ ಹುಡುಗಿಯರು ಈಚೆಗೆ ನನ್ನನ್ನು ತಡೆದು ನಿಲ್ಲಿಸುತ್ತಾರೆ. ಎಲ್ಲರೂ ಪೊಲೀಸ್ ಪರೀಕ್ಷೆಗೆ ಓದುತ್ತಿರುವವರು. ಈ ಮುದುಕ ದೊಡ್ಡ ಊರಿನಲ್ಲಿ ಪೊಲೀಸ್ ಕಮಿಷನರ್ ಆಗಿದ್ದ ಅಂತ ಯಾರೋ ಅವರ ಕಿವಿಯಲ್ಲಿ ಊದಿದ್ದಾರೆ. "ಸರ್, ಕಮಿಷನರ್ ಆಗಬೇಕಂದ್ರ ಏನ ಓದಬೇಕ್ರಿ?" ಎನ್ನುವುದು ಮೊದಲ ಪ್ರಶ್ನೆ. ಎರಡನೆಯದು ಪದಕಗಳದು. ಆ ಕೆಲಸ ಮನುಷ್ಯನನ್ನು ಏನು ಮಾಡಿಬಿಡುತ್ತದೆ ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಮುದುಕರಿಗೆ ಅದೊಂದು ಸವಲತ್ತು ಇದೆ.

ಸಂಶಯಗಾರನನ್ನಾಗಿ ಮಾಡುತ್ತದೆ. ಸಂತೆಯಲ್ಲಿ ಬದನೆಕಾಯಿ ಮಾರುವವಳು ತೂಕಕ್ಕಿಂತ ಒಂದು ಕಾಯಿ ಹೆಚ್ಚು ಹಾಕಿದರೆ, ಇವಳ ಮಗ ಯಾವ ಕೇಸಿನಲ್ಲಿ ಸಿಕ್ಕಿಕೊಂಡಿದ್ದಾನೋ ಅಂತ ನನ್ನ ತಲೆ ಓಡುತ್ತದೆ. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತೇನೆ. ನನ್ನ ಹೆಂಡತಿ ಬಂದವರ ಮುಂದೆ ಹೇಳುತ್ತಿರುತ್ತಾಳೆ: "ಇವರು ದೇವರಿಗೆ ಕೈ ಮುಗಿಯೂವಾಗೂ ಒಂದ ಕಣ್ಣ ಹೊರಗಿನ ಚಪ್ಪಲಿ ಮ್ಯಾಲ ಇಟ್ಟಿರತಾರ." ನಗುವ ಮಾತೇ, ಆದರೆ ಸುಳ್ಳಲ್ಲ. ಮದುವೆಯಾದ ಹೊಸತರಲ್ಲಿ ಅವಳೂ ಇದನ್ನು ನಗುತ್ತ ಹೇಳುತ್ತಿರಲಿಲ್ಲ.

ಈ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದವರು ಇದ್ದಾರೆ. ಸ್ವಂತ ಊರಿನ ಕಡೆ ನಮ್ಮನ್ನು ಹಾಕುವುದಿಲ್ಲ. ಆದರೂ ಚಿಕ್ಕ ವಯಸ್ಸಿನಲ್ಲಿ ಒಮ್ಮೆ, ಇಲ್ಲಿದ್ದ ಅಧಿಕಾರಿ ಕಾಲು ಮುರಿದುಕೊಂಡು ರಜೆ ಹಾಕಿದಾಗ, ಕೆಲವು ವಾರ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಠಾಣೆಗಳ ಹೆಚ್ಚುವರಿ ಪ್ರಭಾರ ನನ್ನ ಮೇಲೆ ಬಿತ್ತು. ಆಗ ಮುಧೋಳದ ದೊಡ್ಡ ಕಬ್ಬಿನ ಗೌಡರೊಬ್ಬರು ತಮ್ಮ ಬೇಟೆ ನಾಯಿ ಕಳುವಾಗಿದೆಯೆಂದು ಬಂದರು. ಊರಾಚೆ ಕುರಿ ನಿಲ್ಲಿಸಿಕೊಂಡಿದ್ದ ಬೀರಪ್ಪನೇ ಕದ್ದದ್ದು ಎಂದು ಹೆಸರನ್ನೂ ಅವರೇ ಹೇಳಿದರು. ಬೀರಪ್ಪನನ್ನು ಕರೆಸಿದೆ. ಹೆಗಲ ಮೇಲೆ ಕಂಬಳಿ, ಹಣೆ ತುಂಬ ದೇವರ ಭಂಡಾರದ ಅರಿಶಿನ. ಹೆದರಿದ್ದ, ಆದರೆ ಮಾತು ಗಟ್ಟಿಯಿತ್ತು.

"ಸಾಹೇಬ್ರ, ಆ ಜಾತಿ ನಾಯಿ ಪರರ ಕೈಲೆ ಮೈ ಮುಟ್ಟಿಸ್ಕೊಳ್ಳೂದಿಲ್ರಿ. ಹೆಂಗ ಕದೀಲಿ? ಕೂಸಿನಂಗ ಎತ್ತಿಕೊಂಡ ಹೋಗಲೇನ್ರಿ? ಬೀರದೇವರ ಭಂಡಾರ ಮುಟ್ಟಿ ಹೇಳತೇನಿ, ನಾ ಅದರ ಬಾಲಾನೂ ನೋಡಿಲ್ಲ."

ನಾನು ಭಂಡಾರವನ್ನು ನಂಬುವುದೋ ಗೌಡರನ್ನು ನಂಬುವುದೋ ತಿಳಿಯದೆ ಮೇಲಧಿಕಾರಿಗೆ ಫೋನು ಮಾಡಿದೆ. ಅವರು ವಿಪರೀತ ಸಿಡುಕಿನವರು, ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಬೈಯುತ್ತಿದ್ದರು. "ಇಬ್ಬರನ್ನೂ ನಂಬಬೇಡ. ಮೊದಲು ದೂರು ಕೊಟ್ಟವನ ಮನೆ ನೋಡು" ಅಂದರು. ನೋಡಿದೆ. ನಾಯಿ ಗೌಡರ ಹೆಂಡತಿಯ ತವರಿನಲ್ಲಿ, ಬೀಳಗಿಯ ಹತ್ತಿರದ ತೋಟದಲ್ಲಿ, ಆರಾಮಾಗಿ ರೊಟ್ಟಿ ತಿನ್ನುತ್ತಿತ್ತು. ಭಾವಮೈದುನ ಕೇಳಿದನೆಂದು ಗೌಡರೇ ಕೊಟ್ಟಿದ್ದರು. ನಾಯಿಯಲ್ಲಿ ಪಾಲಿದ್ದ ಅಣ್ಣನಿಗೆ ಹೇಳಲು ಧೈರ್ಯವಾಗದೆ ಕಳ್ಳತನದ ಕಥೆ ಕಟ್ಟಿದ್ದರು. ಬೀರಪ್ಪ ಠಾಣೆಯಿಂದ ಹೋಗುವಾಗ ನನ್ನ ಹಣೆಗೂ ಒಂದು ಚಿಟಿಕೆ ಭಂಡಾರ ಹಚ್ಚಿದ. ಅದನ್ನು ಒರೆಸಿಕೊಳ್ಳದೆ ಮನೆಗೆ ಹೋದದ್ದು ನೆನಪಿದೆ.

ಅಂದಿನಿಂದ ನನ್ನದೊಂದು ಪದ್ಧತಿಯಾಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರಲ್ಲ, ಹಾಗೆ. ಮೊದಲು ದೂರುದಾರನ ಮೇಲೆ ಸಂಶಯ, ಆಮೇಲೆ ಸಾಕ್ಷಿಯ ಮೇಲೆ, ಆಮೇಲೆ ನಮ್ಮದೇ ಸಿಬ್ಬಂದಿಯ ಮೇಲೆ, ಎಲ್ಲಕ್ಕೂ ಕೊನೆಗೆ ಆರೋಪಿಯ ಮೇಲೆ. ಸಹೋದ್ಯೋಗಿಗಳು ಇದನ್ನು ಹಿಮ್ಮುಖ ಬಂಡಿ ಅಂತ ಗೇಲಿ ಮಾಡುತ್ತಿದ್ದರು. ನಾನು ಎಲ್ಲಿಂದ ಎಲ್ಲಿಗೆ, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬ ಪುರಾಣ ಇಲ್ಲಿ ಬೇಡ. ಅದು ಸರಕಾರಿ ಕಡತಗಳಲ್ಲಿ ಇದೆ. ಗೆದ್ದಲು ಬಿಟ್ಟಿದ್ದರೆ ಈಗಲೂ ಇರಬೇಕು.

ಕಮಿಷನರ್ ಎಂದರೆ ದೊಡ್ಡ ಕಳ್ಳರನ್ನು ಹಿಡಿಯುವವನು ಅಂತ ಈ ಮೈದಾನದ ಮಕ್ಕಳು ತಿಳಿದಿದ್ದಾರೆ. ಕಮಿಷನರ್ ಯಾರನ್ನೂ ಹಿಡಿಯುವುದಿಲ್ಲ. ಬೆಳಿಗ್ಗೆ ಎದ್ದರೆ ಯಾರ ಮೆರವಣಿಗೆ ಯಾವ ರಸ್ತೆಯಲ್ಲಿ, ಯಾವ ಮಂತ್ರಿಯ ಗಾಡಿ ಎಲ್ಲಿ ನಿಲ್ಲಬೇಕು, ಯಾವ ಠಾಣೆಯಲ್ಲಿ ಯಾರು ಯಾರ ಮಾತು ಕೇಳುತ್ತಿಲ್ಲ, ಇದೇ. ಬಂದವರೆಲ್ಲ ಸೆಲ್ಯೂಟ್ ಹೊಡೆಯುತ್ತಾರೆ, ಒಬ್ಬರೂ ಪೂರ್ತಿ ನಿಜ ಹೇಳುವುದಿಲ್ಲ. ಕೆಳಗಿನವರು ಹೆದರಿಕೊಂಡು ಅರ್ಧ ಹೇಳುತ್ತಾರೆ. ಮೇಲಿನವರು ಬೇಕಂತಲೇ ಅರ್ಧ ಹೇಳುತ್ತಾರೆ. ಆ ಎರಡು ಅರ್ಧಗಳನ್ನು ಜೋಡಿಸಿದರೆ ಒಂದಾಗುತ್ತದೆ ಅಂತ ತಿಳಿದವನು ಆ ಕುರ್ಚಿಯಲ್ಲಿ ಬಾಳುವುದಿಲ್ಲ.

ಪದ್ಧತಿಗಳೂ ಬದಲಾದವು. ನಾನು ಸೇರಿದಾಗ ಮಾಹಿತಿ ಬರುತ್ತಿದ್ದದ್ದು ಚಹಾದಂಗಡಿಯಿಂದ, ಕ್ಷೌರದಂಗಡಿಯಿಂದ. ಮನುಷ್ಯನನ್ನು ಎದುರು ಕೂರಿಸಿಕೊಂಡು ಅವನ ಕೈ, ಕುತ್ತಿಗೆಯ ನರ, ನೀರು ಕುಡಿಯುವ ರೀತಿ ಎಲ್ಲ ನೋಡುತ್ತಿದ್ದೆವು. ಆಮೇಲೆ ಮೊಬೈಲು ಬಂತು, ಮೂಲೆಮೂಲೆಗೆ ಕ್ಯಾಮೆರಾ ಬಂತು. ಹೊಸ ಇನ್‌ಸ್ಪೆಕ್ಟರುಗಳು ಪರದೆ ನೋಡುವುದರಲ್ಲಿ ಜಾಣರಾದರು, ಮುಖ ನೋಡುವುದನ್ನು ಬಿಟ್ಟರು. ಅದರ ಮೇಲೆ ಆ ರೋಗದ ಕಾಲ ಬಂದು ಎಲ್ಲರ ಮುಖಕ್ಕೂ ಮಾಸ್ಕ್ ಏರಿತು. ನಾನು ಹೇಳಬೇಕೆಂದಿರುವ ಪ್ರಕರಣ ಆಗಿನದು. ಊರಿನ ಹೆಸರು ಹೇಳುವುದಿಲ್ಲ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.

ಒಂದು ಹಳೆಯ ಅಪಾರ್ಟ್‌ಮೆಂಟು. ಮೊದಲ ಮಹಡಿಯಲ್ಲಿ ಒಬ್ಬರೇ ಇದ್ದ ನಿವೃತ್ತ ಶಿಕ್ಷಕಿ. ಒಂದು ಮಧ್ಯಾಹ್ನ ಯಾರೋ ಒಳಗೆ ಹೋಗಿ, ಆ ಅಜ್ಜಿಯ ತಲೆಗೆ ಹೊಡೆದು, ಕೈಯ ಬಂಗಾರದ ಬಳೆ ಬಿಚ್ಚಿಕೊಂಡು ಹೋಗಿದ್ದರು. ಅಜ್ಜಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಅವರ ಕಿಟಕಿಗೆ ಸರಿಯಾಗಿ ಕೆಳಗೆ ಗೇಟು, ಗೇಟಿನಲ್ಲಿ ಕಾವಲುಗಾರ. ಶಂಕ್ರೆಪ್ಪ ಅಂತ, ನಡುವಯಸ್ಸಿನವನು, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಕ್ಯಾಮೆರಾ ಎಂದಿನಂತೆ ಕೆಟ್ಟಿತ್ತು. ಕಾವಲುಗಾರನನ್ನು ದಸ್ತಗಿರಿ ಮಾಡಿ, ನ್ಯಾಯಾಲಯದಿಂದ ಪೊಲೀಸ್ ಕಸ್ಟಡಿಗೆ ಪಡೆದರು. ಮರುದಿನ ಇನ್‌ಸ್ಪೆಕ್ಟರ್ ನಾಗೇಂದ್ರ ನನ್ನ ಕೋಣೆಗೆ ಬಂದು ನಿಂತ. ಚುರುಕಿನ ಹುಡುಗ, ಮೈಸೂರಿನ ಕಡೆಯವನು.

"ಒಪ್ಕೊಂಡಿದಾನೆ ಸಾರ್. ಬಳೆ ಎಲ್ಲಿಟ್ಟಿದಾನೆ ಅನ್ನೋದೊಂದು ಬಾಯಿಬಿಟ್ರೆ ಆಯ್ತು. ನಾಳೆ ಬೆಳಿಗ್ಗೆ ಪ್ರೆಸ್‌ಮೀಟ್ ಇಟ್ಕೊಬಹುದು."

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದರೆ ಪತ್ರಿಕಾಗೋಷ್ಠಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಅಂತ ಟಿವಿಯವರು ಸಂಜೆಯವರೆಗೆ ಕೂಗಬಹುದಾದ ಸುದ್ದಿ. ಒಮ್ಮೆ ಹಾಗೆ ಕೂಗಿದರೆ, ಮುಂದೆ ನ್ಯಾಯಾಲಯ ಬಿಟ್ಟರೂ ಊರು ಬಿಡುವುದಿಲ್ಲ. ನನಗೆ ಇಷ್ಟು ಸಲೀಸಾಗಿ ಸಿಕ್ಕ ಒಪ್ಪಿಗೆಗಳ ಮೇಲೆ ಮೊದಲಿನಿಂದ ಗುಮಾನಿ. ಬರೆದ ಹೇಳಿಕೆ ಬದಿಗಿಟ್ಟು, ವಿಚಾರಣೆಯ ವಿಡಿಯೋ ಹಾಕು ಎಂದೆ.

ಪರದೆಯ ಮೇಲೆ ಶಂಕ್ರೆಪ್ಪ ಮುಂದಕ್ಕೆ ಬಾಗಿ ಕುಳಿತಿದ್ದ. ಎದುರಿಗೆ ನಾಗೇಂದ್ರ ಮತ್ತು ಇನ್ನಿಬ್ಬರು, ಮೂವರ ಮುಖದ ಮೇಲೂ ಮಾಸ್ಕು. ನೀನು ಮೇಲೆ ಹೋಗಿದ್ದೆಯಾ? ಹೂಂರಿ. ನೀನೇ ಹೊಡೆದದ್ದಾ? ಹೂಂರಿ. ಬಳೆ ಎಲ್ಲಿ? ಅದಕ್ಕೂ ಹೂಂರಿ. ಎಲ್ಲಿ ಅಂತ ಕೇಳ್ತಿರೋದು ಅಂತ ನಾಗೇಂದ್ರ ಮೇಜು ಗುದ್ದುತ್ತಾನೆ. ಅದಕ್ಕೂ ಹೂಂರಿ.

"ನೋಡಿ ಸಾರ್, ಎಂಥ ಕಿಲಾಡಿ. ಬೇಕಾದ್ದಕ್ಕೆ ಉತ್ತರ ಇಲ್ಲ" ಅಂದ ನಾಗೇಂದ್ರ.

ನಾನು ಉತ್ತರಗಳನ್ನು ಕೇಳುತ್ತಿರಲಿಲ್ಲ, ಅವನ ಕಣ್ಣು ನೋಡುತ್ತಿದ್ದೆ. ಅವನು ಕೇಳುವವನ ಕಣ್ಣು ನೋಡುತ್ತಿರಲಿಲ್ಲ. ಮಾಸ್ಕನ್ನು ನೋಡುತ್ತಿದ್ದ. ಅದರ ಹಿಂದೆ ಬಾಯಿ ಇರಬೇಕಾದ ಜಾಗವನ್ನು. ಕೇಳುವವನ ಹುಬ್ಬು ಮೇಲೇರಿದ ಕೂಡಲೇ ಅವನ ಹೂಂರಿ ಬರುತ್ತಿತ್ತು. ಕಡತ ತಿರುವಿ ಸ್ವಂತ ಊರು ನೋಡಿದೆ. ಬನಹಟ್ಟಿ ಅಂತಿತ್ತು. ನನ್ನದೂ ಅದೇ.

ನಾನು ಬನಹಟ್ಟಿಯ ನೇಕಾರನ ಮಗ. ಅಪ್ಪ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಕೂಲಿ ನೇಯುತ್ತಿದ್ದರು. ಸಾಲಾಗಿ ಮಗ್ಗಗಳು ಬಡಿಯುತ್ತಿದ್ದರೆ ಅಲ್ಲಿ ಗಂಟಲು ಹರಿದುಕೊಂಡರೂ ಮಾತು ಪಕ್ಕದವನನ್ನು ಮುಟ್ಟುವುದಿಲ್ಲ. ಹಾಗಾಗಿ ಶೆಡ್ಡಿನವರು ದನಿಯೇ ಇಲ್ಲದೆ ಮಾತಾಡುತ್ತಾರೆ. ತುಟಿ ದೊಡ್ಡದಾಗಿ ಆಡಿಸಿ, ಬೆರಳು ಸ್ವಲ್ಪ ಸೇರಿಸಿ, ಈ ಗೋಡೆಯಿಂದ ಆ ಗೋಡೆಗೆ ಮದುವೆ ಮಾತುಕತೆ ಕೂಡ ನಡೆಸುತ್ತಾರೆ. ಬುತ್ತಿ ಕೊಡಲು ಹೋಗುತ್ತಿದ್ದ ನಮಗೂ ಅದು ಬರುತ್ತಿತ್ತು. ಕೆಲ ವರ್ಷಗಳಲ್ಲಿ ಕಿವಿ ಹೋಗುತ್ತದೆ, ತುಟಿ ಓದುವುದು ಉಳಿಯುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಕರೆಂಟು ಹೋಗಿ ಕತ್ತಲಾದರೆ ಅಪ್ಪನ ಜತೆ ಮಾತು ನಿಂತುಹೋಗುತ್ತಿತ್ತು.

ಇನ್ನೊಂದು ರೂಢಿಯೂ ಇತ್ತು. ಮಾಲಕ ಬಂದು ಏನಾದರೂ ಹೇಳಿದರೆ, ಅರ್ಥವಾಗಲಿ ಬಿಡಲಿ, ಹೂಂರಿ ಅನ್ನುವುದು. ಮತ್ತೊಮ್ಮೆ ಹೇಳ್ರಿ ಅಂದರೆ ಕಿವುಡ ಅಂತ ಗೊತ್ತಾಗಿ ಹೋಗುತ್ತದೆ. ಮಾಲಕ ಆಚೆ ಹೋದ ಮೇಲೆ ಪಕ್ಕದ ಮಗ್ಗದವನನ್ನು ತುಟಿಯಲ್ಲೇ ಕೇಳಿಕೊಳ್ಳುವುದು, ಏನಂದ್ರಲೇ ಅಂತ. ಅಪ್ಪ ಹಾಗೇ ಬದುಕಿದರು. ಠಾಣೆಯಲ್ಲಿ ಶಂಕ್ರೆಪ್ಪನಿಗೆ ಕೇಳಿಕೊಳ್ಳಲು ಪಕ್ಕದ ಮಗ್ಗದವನು ಇರಲಿಲ್ಲ.

ಇಷ್ಟು ಹೊಳೆದ ಕೂಡಲೇ ನನಗೆ ನನ್ನ ಮೇಲೇ ಸಂಶಯ ಬಂತು. ನಮ್ಮೂರವನು ಅಂತ ಗೊತ್ತಾದ ಮೇಲೆ ಕರುಳು ಚುರುಕ್ ಅಂದಿದ್ದರೆ, ಆ ಕರುಳನ್ನು ನಂಬುವುದು ಹೇಗೆ? ಇಲಾಖೆಯಲ್ಲಿ ಊರಿನ ಪ್ರೀತಿ ಎಷ್ಟು ಕಳ್ಳರನ್ನು ಉಳಿಸಿದೆ ಎಂದು ನನಗೆ ಗೊತ್ತು. ಜತೆಗೆ ಕಿವುಡನ ನಾಟಕ ಆಡುವ ಆರೋಪಿಗಳನ್ನೂ ನೋಡಿದ್ದೇನೆ. ಕಿವಿ ಕೇಳಲ್ವೇನೋ ಅಂತ ಅವನ ಬೆನ್ನ ಹಿಂದೆ ಸ್ಟೀಲಿನ ತಟ್ಟೆ ಬೀಳಿಸಿ ನೋಡಿದ್ದೇವೆ ಸಾರ್, ತಿರುಗಲಿಲ್ಲ, ಒಳ್ಳೆಯ ನಟ ಅಂತ ನಾಗೇಂದ್ರನೇ ಹೇಳಿದ. ನಾನು ಎದ್ದು ಠಾಣೆಗೆ ಹೊರಟೆ.

ಶಂಕ್ರೆಪ್ಪ ಬೆಂಚಿನ ಮೇಲಿದ್ದ. ನನ್ನನ್ನು ನೋಡಿ ಎದ್ದು ಕೈ ಮುಗಿದ. ನಾನು ಕೋಣೆಯ ಈ ತುದಿಯಲ್ಲೇ ನಿಂತು ಮಾಸ್ಕ್ ಇಳಿಸಿದೆ. ದನಿ ಸ್ವಲ್ಪವೂ ಹೊರಡಿಸದೆ, ತುಟಿಯಲ್ಲಿ ಮಾತ್ರ ಕೇಳಿದೆ: "ಉಂಡೀ ಏನ?"

ಅವನ ಮುಖ ಅರಳಿದ ರೀತಿ ಬರೆಯಲು ನನಗೆ ಬರುವುದಿಲ್ಲ. ತನ್ನ ಮಾಸ್ಕ್ ಎಳೆದು, ಅವನೂ ದನಿಯಿಲ್ಲದೆ ಹೇಳಿದ: "ಇಲ್ಲರಿ. ಅನ್ನ ಕೊಟ್ಟಾರ, ರೊಟ್ಟಿ ಇಲ್ಲ. ನೀವು ನಮ್ಮ ಕಡ್ಯಾವ್ರೇನ್ರಿ?"

ಹಿಂದೆ ನಿಂತಿದ್ದ ನಾಗೇಂದ್ರನಿಗೆ ಇಬ್ಬರು ಮೂಕರು ಬಾಯಿ ಆಡಿಸಿದಂತೆ ಕಂಡಿರಬೇಕು. ವಿವರಿಸಿದೆ. ಅವನು ದಡ್ಡನಲ್ಲ, ಕ್ಷಣಕಾಲ ಯೋಚಿಸಿ ಅಂದ: "ಹಾಗಾದ್ರೆ ಇವ್ನಿಗೆ ತುಟಿ ನೋಡಿ ಎಲ್ಲಾ ಅರ್ಥ ಆಗತ್ತೆ ಸಾರ್. ಅರ್ಥ ಮಾಡ್ಕೊಂಡೇ ಹೂಂ ಅಂದಿದಾನೆ."

ನಾನು ಅವನ ಮುಖ ನೋಡಿದೆ. ಅವನ ಕೈ ತಾನಾಗಿ ತನ್ನ ಮಾಸ್ಕ್ ಮೇಲೆ ಹೋಯಿತು.

ಆದರೆ ಕಿವುಡ ಎಂಬ ಮಾತ್ರಕ್ಕೆ ಕಳ್ಳನಲ್ಲ ಅಂತ ಆಗುವುದಿಲ್ಲ. ಅದು ನನಗೂ ಗೊತ್ತಿತ್ತು, ನಾಗೇಂದ್ರನಿಗೂ. ಪತ್ರಿಕಾಗೋಷ್ಠಿ ರದ್ದು ಮಾಡಿದೆ. ಅಪಾರ್ಟ್‌ಮೆಂಟಿಗೆ ಬಂದುಹೋಗುವ ಎಲ್ಲರನ್ನೂ ಮೊದಲಿನಿಂದ ನೋಡಿ ಎಂದು ತಂಡಕ್ಕೆ ಹೇಳಿದೆ. ಸಂಜೆಯೊಳಗೆ ಮೇಲಿನವರೊಬ್ಬರ ಫೋನು ಬಂತು. ಬಹಳ ನಯವಾದ ದನಿ. "ಒಪ್ಪಿಕೊಂಡ ಆರೋಪಿ ಇದ್ದಾನೆ, ನೀವು ನಿಲ್ಲಿಸಿದಿರಂತೆ. ನಿಮ್ಮ ಊರಿನವನೇ ಅಂತಲ್ಲ?" ನಾನು ಹೌದು ಎಂದೆ. "ಹುಷಾರು" ಎಂದು ಇಟ್ಟುಬಿಟ್ಟರು. ಅಷ್ಟು ವರ್ಷ ಬೇರೆಯವರನ್ನು ನೋಡುತ್ತಿದ್ದ ಕಣ್ಣುಗಳು ನನ್ನ ಕಡೆ ತಿರುಗಿದರೆ ಹೇಗಿರುತ್ತದೆ ಎಂದು ಆ ದಿನ ಗೊತ್ತಾಯಿತು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಎರಡನ್ನೂ ಯಾರಿಗೂ ತೋರಿಸಲಿಲ್ಲ.

ಶಂಕ್ರೆಪ್ಪನ ಕಿವಿಯನ್ನು ಈಗ ನಗರದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೆ, ಅದನ್ನೂ ನನ್ನ ಒತ್ತಡ ಅನ್ನುತ್ತಿದ್ದರು. ಅವನು ಎಂದಿನಿಂದ ಕಿವುಡ ಎಂದು ಮನೆಯವರೊಬ್ಬರು ಹೇಳಿಕೆ ಕೊಟ್ಟರೆ, ಬನಹಟ್ಟಿಯ ವೈದ್ಯರ ಚೀಟಿಯೊಂದು ಸಿಕ್ಕರೆ, ಆ ಹೂಂರಿಗಳನ್ನೆಲ್ಲ ಒಂದೇ ಏಟಿಗೆ ಅಳಿಸಬಹುದಿತ್ತು. ನಾನೊಬ್ಬನೇ ಹೋದರೆ ಕಥೆ ಹುಟ್ಟುತ್ತದೆ. ನಾಗೇಂದ್ರನನ್ನು ಕಟ್ಟಿಕೊಂಡು ಬನಹಟ್ಟಿಗೆ ಹೊರಟೆ, ನನ್ನ ಮೇಲೆ ಸಾಕ್ಷಿಯಾಗಿ. ಚಿಕ್ಕಪಡಸಲಗಿಯ ಬ್ಯಾರೇಜು ದಾಟುವಾಗ ಅವನು ತುಂಬಿದ ಹೊಳೆ ನೋಡಿ, "ನಿಮ್ಮ ಕಡೆ ಬರೀ ಒಣಭೂಮಿ ಅಂದ್ಕೊಂಡಿದ್ದೆ ಸಾರ್" ಅಂದ. ಇದು ರೈತರೇ ಕಟ್ಟಿಕೊಂಡದ್ದು ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಶಂಕ್ರೆಪ್ಪನ ಮನೆಯಲ್ಲಿ ಒಂದೇ ಮಗ್ಗ ಇತ್ತು. ಅದರ ಮೇಲೆ ಹಳೆಯ ಸೀರೆ ಹೊದಿಸಿದ್ದರು. ರೋಗದ ಕಾಲದಲ್ಲಿ ನೂಲು ಬರುವುದು ನಿಂತು, ಮಗ್ಗ ನಿಂತು, ಅವನು ಕಾವಲುಗಾರನಾಗಿ ನಗರಕ್ಕೆ ಬಂದಿದ್ದ. ಅವನ ಹೆಂಡತಿ ಕಸ್ತೂರೆವ್ವ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ.

"ತಾಯಿ, ನಾ ಇಲ್ಲ್ಯಾಂವನ. ಇದ ಊರಾಗ ಹುಟ್ಟಿದಾಂವ" ಎಂದೆ.

"ಇರಬಹುದರಿ. ಪೊಲೀಸ್ರಿಗೆ ಊರ ಎಲ್ಲಿರತೈತ್ರಿ?"

"ನಿನ್ನ ಗಂಡಗ ಕಿವಿ ಕೇಳೂದಿಲ್ಲ. ಅದನ್ನ ಇವರ ಮುಂದ ಹೇಳಿಬಿಡು. ಅಂವ ಬಿಡುಗಡಿ ಆಗತಾನ."

ಅವಳು ನಾಗೇಂದ್ರನನ್ನು ನೋಡಿದಳು, ನನ್ನನ್ನು ನೋಡಿದಳು. "ಯಾರ ಹೇಳಿದ್ರಿ ನಿಮಗ? ನಮ್ಮ ಮನ್ಯಾವರಿಗೆ ಛಲೋ ಕೇಳಸ್ತೈತ್ರಿ. ಸೂಜಿ ಬಿದ್ರೂ ಕೇಳಸ್ತೈತಿ."

ನಾಗೇಂದ್ರ ನನ್ನ ಕಡೆ ನೋಡಲಿಲ್ಲ, ಗೋಡೆ ನೋಡಿದ. ಅದು ಅವನ ದೊಡ್ಡತನ. ನಾನು ಮತ್ತೆ ಹೇಳಿದೆ: "ತಿಳದ ಮಾತಾಡ ತಾಯಿ. ಕೇಳಸ್ತೈತಿ ಅಂದ್ರ ಅಂವ ಕೇಳಿ ಒಪ್ಪಿಕೊಂಡಾನ ಅಂತ ಆಕ್ಕೈತಿ. ಕಳ್ಳ ಆಗತಾನ."

ಕಸ್ತೂರೆವ್ವ ಸೆರಗು ಬಿಗಿ ಮಾಡಿಕೊಂಡಳು. ದನಿ ಏರಿಸಲಿಲ್ಲ. "ಕಳ್ಳ ಅಂದ್ರ ವಕೀಲರನ್ನ ಇಟ್ಟ ಬಿಡಿಸ್ಕೊಂಡ ಬರಬಹುದರಿ. ಕಿವುಡ ಅಂತ ಒಮ್ಮೆ ಸರಕಾರದ ಕಾಗದದಾಗ ಬಂತಂದ್ರ ಯಾರ ಬಿಡಸ್ತಾರ? ಕಿವುಡಗ ಕಾವಲ ಕೆಲಸಾ ಯಾರ ಕೊಡತಾರ? ನಾವು ಸುಳ್ಳ ಹೇಳಿ ಸೇರಸೇವಿ, ಹೂಂ. ನೀವು ಅದನ್ನ ಬರೀಬ್ಯಾಡ್ರಿ. ಬರದ್ರ ಆ ಸುಳ್ಳಿಗೂ ಅವರನ್ನ ಒಳಗ ಹಾಕತೀರಿ."

ನನ್ನ ಸೇವೆಯಲ್ಲಿ ನೂರಾರು ಹೆಂಗಸರು ಗಂಡನನ್ನು ಬಿಡಿಸಲು ಸುಳ್ಳು ಹೇಳಿದ್ದನ್ನು ಕಂಡಿದ್ದೇನೆ. ಬಿಡುಗಡೆ ಬಾಗಿಲಲ್ಲಿ ಬಂದು ನಿಂತಾಗ, ಅವನ ಅನ್ನಕ್ಕಾಗಿ ಸುಳ್ಳು ಹೇಳಿದವಳು ಇವಳೊಬ್ಬಳೇ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೊರಡುವಾಗ ಬಟ್ಟೆಯಲ್ಲಿ ಕಟ್ಟಿದ ಸಜ್ಜೆ ರೊಟ್ಟಿಯ ಗಂಟೊಂದನ್ನು ನಾಗೇಂದ್ರನ ಕೈಗೆ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ.

ಮರಳಿ ಬಂದು ರೊಟ್ಟಿಯನ್ನು ಶಂಕ್ರೆಪ್ಪನ ಮುಂದಿಟ್ಟೆ. ಅವನು ತಿನ್ನುವವರೆಗೆ ಕಾದೆ. ಆಮೇಲೆ ಇಬ್ಬರೂ ಮಾಸ್ಕ್ ತೆಗೆದು, ದೂರ ಕುಳಿತು, ಶೆಡ್ಡಿನ ಮಾತಿನಲ್ಲಿ ಮಾತಾಡಿದೆವು. ನಾಗೇಂದ್ರನಿಗೆ ತಿಳಿಯಲೆಂದು ನಾನು ಎರಡೂ ಕಡೆಯದನ್ನು ದನಿ ಮಾಡಿ ಹೇಳುತ್ತಿದ್ದೆ.

"ಅವರ ಕೇಳಿದ್ದ ತಿಳೀಲಿಲ್ಲ, ಅದಕ್ಕ ಹೂಂ ಅಂದಿ. ಹೌದಲ್ಲೋ?"

ಹೌದು ಅಂದುಬಿಡುತ್ತಾನೆ, ಮುಗಿಯುತ್ತದೆ ಅಂತ ಕಾದಿದ್ದೆ. ಅವನು ತಲೆ ಅಲ್ಲಾಡಿಸಿದ. "ಮೊದಲ ದಿನಾ ತಿಳೀಲಿಲ್ಲರಿ. ಎರಡನೇ ದಿನಾ ಒಬ್ಬ ಪೊಲೀಸಪ್ಪ ಚಾ ಕುಡ್ಯಾಕ ಮಾಸ್ಕ ತಗದ್ರು. ಆವಾಗ ಕೇಳಿದ್ರು, ಮುದುಕಿನ್ನ ಈ ಗತಿಗೆ ತಂದಾಂವ ನೀನ ಏನ ಅಂತ. ಅದ ತಿಳೀತರಿ. ಅದಕ್ಕೂ ಹೂಂ ಅಂದೆ."

ಇದನ್ನೂ ನಾಗೇಂದ್ರನಿಗೆ ದನಿ ಮಾಡಿ ಹೇಳಿದೆ. ಎರಡು ದಿನ ಕಟ್ಟಿದ್ದೆಲ್ಲ ಕುಸಿದು ಬಿದ್ದಿತ್ತು. ಅಪ್ಪನ ನೆನಪಿನಲ್ಲಿ ಕಣ್ಣು ಮಂಜಾಗಿ ಕಳ್ಳನೊಬ್ಬನನ್ನು ಸಾಕುತ್ತಿದ್ದೇನೆಯೇ ಅನ್ನಿಸಿತು. "ಹೊಡದಿ ಏನ ಹಂಗಾರ?" ಎಂದು ಕೇಳಿದೆ.

"ನಾ ಯಾಕ ಹೊಡೀಲ್ರಿ? ದಿನಾ ಮ್ಯಾಲಿಂದ ಕೈ ಬೀಸತಿದ್ರು ಆ ಅಜ್ಜಿ, ನಾನೂ ಬೀಸತಿದ್ದೆ." ಅವನು ರೊಟ್ಟಿ ಕಟ್ಟಿದ್ದ ಬಟ್ಟೆ ಮಡಚಿ ಪಕ್ಕಕ್ಕಿಟ್ಟ. "ಆಕಿ ಕೂಗಿರಬೇಕಲ್ರಿ. ಹೊಡ್ಯಾವ ಬಂದಾಗ ಮನಷ್ಯಾ ಕೂಗತಾನಿಲ್ರಿ? ಕಿಟಕಿ ತಗದಿತ್ತು. ನಾ ಕೆಳಗ ಕುಂತಿದ್ನಿ, ಕಾವಲಕ್ಕ. ಕಿವಿ ಇಲ್ಲದಾಂವ ಕಿವಿ ಐತಿ ಅಂತ ಹೇಳಿ ಕುಂತಿದ್ನಿ. ಬ್ಯಾರೆ ಯಾಂವರ ಕುಂತಿದ್ರ ಓಡಿ ಹೋಗತಿದ್ದ. ಹಂಗಾರ ಆಕಿಗೆ ಈ ಗತಿ ತಂದಾಂವ ನಾನ ಅಲ್ರಿ?"

ನಾನು ಇದನ್ನು ದನಿ ಮಾಡಿ ಹೇಳಲು ಶುರುಮಾಡಿ ಮಧ್ಯದಲ್ಲಿ ನಿಲ್ಲಿಸಿದೆ. ನಾಗೇಂದ್ರ, "ಗೊತ್ತಾಯ್ತು ಸಾರ್" ಅಂದ. ಅವನಿಗೆ ತುಟಿ ಓದಲು ಬರುವುದಿಲ್ಲ. ಆದರೂ ಗೊತ್ತಾಗಿತ್ತು.

ಉಳಿದದ್ದು ಪೊಲೀಸರ ಮಾಮೂಲಿ ಕೆಲಸ. ನೀರು ಶುದ್ಧಿ ಮಾಡುವ ಯಂತ್ರ ರಿಪೇರಿಗೆ ಬರುತ್ತಿದ್ದವನೊಬ್ಬ ಆ ದಿನದಿಂದ ಊರಲ್ಲಿರಲಿಲ್ಲ. ಗೇಟಿನಿಂದ ಬರದೆ ಹಿಂದಿನ ಗೋಡೆ ಹಾರಿ ಬಂದು ಹೋಗಿದ್ದ. ಪಕ್ಕದ ಜಿಲ್ಲೆಯಲ್ಲಿ ಬಳೆ ಸಮೇತ ಸಿಕ್ಕ. ಅವನು ಸಿಕ್ಕ ಮೇಲೂ ನಾನು ನಂಬಲಿಲ್ಲ. ಅಜ್ಜಿಗೆ ಪ್ರಜ್ಞೆ ಬಂದು ಮಾತಾಡುವವರೆಗೆ ಕಾದೆ. ನಾಗೇಂದ್ರನನ್ನು ಕರೆದುಕೊಂಡು ನಾನೇ ಆಸ್ಪತ್ರೆಗೆ ಹೋದೆ. ಆಕೆ ಮೆಲ್ಲಗೆ, ಪಾಠ ಹೇಳುವವರ ಹಾಗೆ ಬಿಡಿಸಿ ಹೇಳಿದರು. ರಿಪೇರಿಯವನಿಗೆ ಯಂತ್ರ ತೋರಿಸಿ ಬೆನ್ನು ತಿರುಗಿಸಿದ್ದಷ್ಟೇ ನೆನಪು. ಹಿಂದಿನಿಂದ ಏಟು ಬಿತ್ತು. "ಕೂಗೋಕೆ ಎಲ್ಲಿ ಸಮಯ ಇತ್ತಪ್ಪ? ಬಿದ್ದಿದ್ದೂ ಗೊತ್ತಿಲ್ಲ" ಅಂದರು.

ಆಸ್ಪತ್ರೆಯಿಂದ ನೇರವಾಗಿ ಶಂಕ್ರೆಪ್ಪನ ಹತ್ತಿರ ಹೋದೆ. ಇಡೀ ಸೇವೆಯಲ್ಲಿ ಒಬ್ಬ ಮನುಷ್ಯನಿಗೆ ಒಂದು ಸುದ್ದಿ ಮುಟ್ಟಿಸಲು ಅಷ್ಟು ಅವಸರದಲ್ಲಿ ನಾನು ನಡೆದದ್ದಿಲ್ಲ. "ಅಜ್ಜಿ ಉಳದಾರ. ಅವರು ಕೂಗಿಲ್ಲ. ಯಾರಿದ್ರೂ ಕೇಳತಿದ್ದಿಲ್ಲ" ಅಂದೆ. ಅವನು ನನ್ನ ತುಟಿಯನ್ನೇ ನೋಡುತ್ತ, ಹೂಂರಿ ಅಂದ. ಅದು ಶೆಡ್ಡಿನಲ್ಲಿ ಮಾಲಕನಿಗೆ ಅನ್ನುವ ಹೂಂರಿ ಎಂದು ನನಗೆ ಗೊತ್ತಿತ್ತು.

ಅವನನ್ನು ಬಿಡಿಸಿದ ವರದಿಯಲ್ಲಿ ಸಾಕ್ಷ್ಯಾಧಾರ ಇಲ್ಲ ಅಂತ ಮಾತ್ರ ಬರೆಸಿದೆ. ಕಿವಿಯ ವಿಷಯ ಬರಲಿಲ್ಲ. ಒಪ್ಪಿಕೊಂಡವನನ್ನು ಕಮಿಷನರ್ ಮೊದಲೇ ಕಾಪಾಡಲು ಹೊರಟದ್ದೇಕೆ ಎಂಬ ಪ್ರಶ್ನೆಗೆ ಕಡತದಲ್ಲಿ ಉತ್ತರವಿಲ್ಲ. ಊರಿನವನೆಂದು ಮಾಡಿದ, ಕಳ್ಳ ಸಿಕ್ಕದ್ದು ಅದೃಷ್ಟ ಎಂದು ಕೆಲವರು ನಾನು ನಿವೃತ್ತನಾಗುವವರೆಗೂ ಆಡಿಕೊಂಡರು. ನಾಗೇಂದ್ರ ಎಲ್ಲ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವನನ್ನು ನಾನು ಕೊನೆಗೂ ನಂಬಿದೆ. ಅಂಥವರು ನನ್ನ ಸೇವೆಯಲ್ಲಿ ಬಹಳ ಇಲ್ಲ.

ಈಗ ನಾನು ಜಮಖಂಡಿಯಲ್ಲಿ ಇದ್ದೇನೆ. ರಬಕವಿಯಲ್ಲಿರುವ ಅಕ್ಕನನ್ನು ನೋಡಲು ಹೋದಾಗಲೆಲ್ಲ ಬನಹಟ್ಟಿಗೂ ಹೋಗುತ್ತೇನೆ. ಮಗ್ಗಗಳು ಮತ್ತೆ ಬಡಿಯುತ್ತಿವೆ. ಶಂಕ್ರೆಪ್ಪ ಒಂದು ದೊಡ್ಡ ಶೆಡ್ಡಿನಲ್ಲಿ ನೇಯುತ್ತಾನೆ. ಅಲ್ಲಿ ಎಲ್ಲರಿಗೂ ಕಿವಿ ಅಷ್ಟಕ್ಕಷ್ಟೇ, ಆದ್ದರಿಂದ ಯಾರೂ ಕಿವುಡರಲ್ಲ. ಕಸ್ತೂರೆವ್ವ ಈಗ ನನ್ನ ಕೈಗೇ ರೊಟ್ಟಿ ಕೊಡುತ್ತಾಳೆ. ಕೊಡುವ ಮೊದಲು ಒಮ್ಮೆ ಮುಖ ನೋಡುತ್ತಾಳೆ, ಅದು ಬಿಟ್ಟಿಲ್ಲ.

ಹೋದ ತಿಂಗಳೂ ಶೆಡ್ಡಿಗೆ ಹೋದೆ. ನಾನು ಬಾಗಿಲಲ್ಲಿ, ಅವನು ಆ ತುದಿಯ ಮಗ್ಗದ ಹತ್ತಿರ. ಅಷ್ಟೂ ಸದ್ದಿನ ನಡುವೆ, ಪ್ರತಿ ಸಲ ಕೇಳುವುದನ್ನೇ ಅವನು ತುಟಿಯಲ್ಲಿ ಕೇಳಿದ:

"ಖರೆ ಹೇಳ್ರಿ ಸಾಹೇಬ್ರ. ಆಕಿ ಕೂಗಿದ್ಳೋ ಇಲ್ಲೋ?"

"ಕೂಗಿಲ್ಲೋ ಶಂಕ್ರೆಪ್ಪ. ಆಕಿ ಬಾಯಿಲೇನ ಕೇಳೇನಿ. ಕೂಗಿಲ್ಲ."

ಅವನು ಮಗ್ಗ ನಿಲ್ಲಿಸಿದ. ಎಂದೂ ತುಟಿಯಿಂದ ಕದಲದ ಅವನ ಕಣ್ಣು ಮೇಲೇರಿ ನನ್ನ ಕಣ್ಣನ್ನು ನೋಡಿತು. ಆಮೇಲೆ ತನ್ನ ತುಟಿ ನಿಧಾನವಾಗಿ ಆಡಿಸಿದ, ಒಂದು ಮಾತೂ ನನಗೆ ತಪ್ಪದಂತೆ:

"ನೀವು ಛಲೋ ಮನಷ್ಯಾರ ಅದೀರಿ ಸಾಹೇಬ್ರ. ಅದಕ್ಕ ಹಂಗ ಹೇಳಾಕತ್ತೀರಿ."